ಫ್ಲ್ಯಾಶ್ ಕ್ಯಾಮೆರಾ ತಲೆ ಮೇಲೇ ಇರಬೇಕಾ?

ಮೂಡಿಗೆರೆಯ ಓದುಗರು: ನಮ್ಮದು ಹಳೇ ಹೆಂಚಿನ ಮನೆ. ಅಕ್ಕನ ಮಗುವಿನ ನಾಮಕರಣಕ್ಕೆ ಫ್ಲ್ಯಾಶ್ ಹಾಕಿ ಫೋಟೊ ತೆಗೆದೆ. ಮುಖವೆಲ್ಲ ಸುಣ್ಣ ಬಳಿದ ಹಾಗೆ, ಹಿಂದೆ ಬರೀ ಕತ್ತಲು. ಫ್ಲ್ಯಾಶ್ ತಲೆ ಮೇಲಕ್ಕೆ ತಿರುಗಿಸಿ, ಬೆಳಕು ಸೂರಿಗೆ ಬಡಿದು ವಾಪಸ್ ಬೀಳುವ ಹಾಗೆ ಬೌನ್ಸ್ ಮಾಡಿದರೂ ಪ್ರಯೋಜನ ಆಗಲಿಲ್ಲ, ಯಾಕೆ ಸಾರ್?

ಬೌನ್ಸ್ ಮಾಡಿ ಅಂತ ಹೇಳುವವರೆಲ್ಲ ಬಿಳಿ ತಾರಸಿ ಇರುವ ಮನೆಯಲ್ಲಿ ಕೂತು ಹೇಳುತ್ತಾರೆ. ನಿಮ್ಮ ಮನೆಯ ಸೂರು ಎತ್ತರದಲ್ಲಿದೆ, ಹೊಗೆ ಹಿಡಿದ ತೊಲೆ, ಹೆಂಚು ಬೇರೆ, ಬೆಳಕನ್ನೆಲ್ಲ ಅದೇ ನುಂಗಿಬಿಡುತ್ತದೆ. ಫ್ಲ್ಯಾಶ್ ತಲೆಯನ್ನು ಪಕ್ಕದ ಗೋಡೆ ಕಡೆ ತಿರುಗಿಸಿ. ಗೋಡೆ ಬಿಳಿ ಇದ್ದರೆ ಮಾತ್ರ. ಹಸಿರು ಡಿಸ್ಟೆಂಪರ್ ಗೋಡೆಯಾದರೆ ಮಗುವಿನ ಕೆನ್ನೆಯೂ ಹಸಿರಾಗುತ್ತದೆ! ಆಗ ದೊಡ್ಡದೊಂದು ಥರ್ಮಾಕೋಲ್ ಶೀಟನ್ನು ಭಾವನ ಕೈಗೆ ಕೊಟ್ಟು ಮಗುವಿನ ಪಕ್ಕ ನಿಲ್ಲಿಸಿ, ಅಥವಾ ಒಗೆದ ಬಿಳಿ ಪಂಚೆಯನ್ನು ಇಳಿಬಿಟ್ಟು ಅದಕ್ಕೆ ಫ್ಲ್ಯಾಶ್ ಹೊಡೆಯಿರಿ. ಬೆಳಕು ಬರುವ ಜಾಗ ದೊಡ್ಡದಾದಷ್ಟೂ, ಹತ್ತಿರ ಇದ್ದಷ್ಟೂ ನೆರಳು ಮೆತ್ತಗಾಗುತ್ತದೆ.

ಇನ್ನು ಹಿಂದಿನ ಕತ್ತಲು. ಫ್ಲ್ಯಾಶ್ ಬೆಳಗುವುದು ಕಣ್ಣು ಮಿಟುಕಿಸುವುದಕ್ಕಿಂತ ತುಂಬಾ ಕಡಿಮೆ ಹೊತ್ತು. ಹಾಗಾಗಿ ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/200 ಇದ್ದರೂ 1/30 ಇದ್ದರೂ ಮುಖಕ್ಕೆ ಬೀಳುವ ಫ್ಲ್ಯಾಶ್ ಬೆಳಕು ಅಷ್ಟೇ. ಬದಲಾಗುವುದು ಕೋಣೆಯ ಬೆಳಕು ಮಾತ್ರ. 1/30ಕ್ಕೆ ಇಳಿಸಿ, ಐಎಸ್ಒ (ಕ್ಯಾಮೆರಾ ಬೆಳಕು ಹಿಡಿಯುವ ಚುರುಕು) 800 ಇಡಿ. ದೇವರ ದೀಪ, ಬಾಗಿಲ ಹತ್ತಿರ ಕೂತ ಅಜ್ಜಿ ಎಲ್ಲ ಕಾಣಿಸುತ್ತಾರೆ. ಮಗು ಸ್ವಲ್ಪ ಕೈಕಾಲು ಆಡಿಸಿದರೂ ಪರವಾಗಿಲ್ಲ, ಫ್ಲ್ಯಾಶ್ ಹಿಡಿದು ನಿಲ್ಲಿಸುತ್ತದೆ. ಮನೆಯಲ್ಲಿ ಹಳದಿ ಬಲ್ಬ್ ಇದ್ದರೆ ಫ್ಲ್ಯಾಶ್ ಬಾಯಿಗೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಅಂಟಿಸಿ, ಕ್ಯಾಮೆರಾದಲ್ಲಿ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸನ್ನು ಬಲ್ಬಿನ ಗುರುತಿಗೆ ಇಡಿ. ಬಿಳಿ ಎಲ್ಇಡಿ ಆದರೆ ಜೆಲ್ ಬೇಡ.

ಸಕಲೇಶಪುರದ ಓದುಗರು: ಮಂಜಿನಲ್ಲಿ ಫ್ಲ್ಯಾಶ್ ಹಾಕಿದರೆ ಬರೀ ಬಿಳಿ ಪರದೆ ಬರುತ್ತದೆ. ಮಳೆಯಲ್ಲೂ ಬಿಳಿ ಚುಕ್ಕೆಗಳು. ಏನಾದರೂ ದಾರಿ ಇದೆಯಾ?

ಶಿರಾಡಿ ಘಾಟಿಯಲ್ಲಿ ಮಂಜು ಕವಿದಾಗ ಹೈಬೀಮ್ ಹಾಕಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತಲ್ವಾ? ಇದೂ ಅದೇ. ಲೆನ್ಸಿನ ಮುಂದೆಯೇ ಇರುವ ಹನಿಗಳು ಬೆಳಗಿ, ಹಿಂದಿರುವುದನ್ನು ಮುಚ್ಚಿಬಿಡುತ್ತವೆ. ಹಾಗಂತ ಫ್ಲ್ಯಾಶ್ ಒಳಗಿಡಬೇಡಿ, ಮಲೆನಾಡಿನವರಿಗೆ ಸಿಗುವ ಅದೃಷ್ಟ ಇದು. ದೂರದಿಂದಲೇ ಫ್ಲ್ಯಾಶ್ ಹೊಡೆಸುವ ಒಂದು ಟ್ರಿಗರ್ ಹಾಕಿ ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ಫೋಟೊ ತೆಗೆಸಿಕೊಳ್ಳುವವರ ಬೆನ್ನ ಹಿಂದೆ ಇಡಿ, ಫ್ಲ್ಯಾಶಿನ ಬಾಯಿ ನಿಮ್ಮ ಕಡೆಗೇ ಇರಲಿ, ಆದರೆ ಅವರ ಮರೆಯಲ್ಲಿ ಅಡಗಿರಲಿ, ಫೋಟೊದಲ್ಲಿ ಕಾಣಬಾರದು. ಈಗ ಅದೇ ಮಂಜು ಅವರ ಸುತ್ತ ಹೊಳೆಯುತ್ತದೆ. ಕಂಬಳಿ ಕೊಪ್ಪೆ ಹೊದ್ದವರು ಸಿಕ್ಕಿದರೆ ಬಿಡಬೇಡಿ, ಅಂಚಿನ ಒಂದೊಂದು ಎಳೆಯೂ ಬೆಳಗಿ ಕಾಣುತ್ತದೆ. ಮಳೆಗೂ ಇದೇ ಉಪಾಯ. ಹಿಂದೆ ಕಾಫಿ ತೋಟದ ಗಾಢ ಹಸಿರು ಇರಬೇಕು. ಬೆಳ್ಳಗಿನ ಆಕಾಶದ ಎದುರು ಹನಿ ಕಾಣುವುದಿಲ್ಲ. ಸಂಜೆ ಬೆಳಕು ಇಳಿಯುವ ಹೊತ್ತು ಒಳ್ಳೆಯದು. ಫ್ಲ್ಯಾಶಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಒಳಗೆ ನೀರು ಹೋದರೆ ಕೆಲಸ ಕೆಟ್ಟಿತು.

ಬೇಲೂರಿನ ಓದುಗರು: ಶಿಲ್ಪಗಳಿಗೆ ಫ್ಲ್ಯಾಶ್ ಹಾಕಿದರೆ ಚಪ್ಪಟೆಯಾಗಿ ಕಾಣುತ್ತವೆ.

ಎದುರಿನಿಂದ ಬೆಳಕು ಬಿದ್ದರೆ ನೆರಳು ಶಿಲ್ಪದ ಹಿಂದಕ್ಕೆ ಹೋಗಿ ಅಡಗುತ್ತದೆ, ನೆರಳಿಲ್ಲದೆ ಆಳ ಎಲ್ಲಿಂದ ಬರಬೇಕು? ಬೇಲೂರು, ಹಳೇಬೀಡು ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿವೆ. ಟ್ರೈಪಾಡ್, ಲೈಟು ಒಯ್ಯುವ ಮುಂಚೆ ಅಲ್ಲೇ ಕೇಳಿ ಅನುಮತಿ ಪಡೆಯಿರಿ. ನನ್ನ ಕೇಳಿದರೆ ಅಲ್ಲಿ ಫ್ಲ್ಯಾಶೇ ಬೇಡ. ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಹೊತ್ತಿಗೆ ಕಾಯಿರಿ. ಓರೆ ಬೆಳಕನ್ನು ಮನೆಯಲ್ಲೇ ಕಲಿಯಬಹುದು. ರಾತ್ರಿ ಒರಳುಕಲ್ಲಿಗೆ ಮೊಬೈಲ್ ಟಾರ್ಚನ್ನು ಎದುರಿನಿಂದ ಹಿಡಿಯಿರಿ, ಆಮೇಲೆ ಕಲ್ಲಿಗೆ ತಾಗುವಷ್ಟು ಪಕ್ಕಕ್ಕೆ ತನ್ನಿ. ಉಳಿ ಏಟಿನ ಒಂದೊಂದು ಗುರುತೂ ಎದ್ದು ಬರುತ್ತದೆ.

ಚಿಕ್ಕಮಗಳೂರಿನ ಓದುಗರು: ಕಾಫಿ ಹೂವಿಗೆ ಬರುವ ಜೇನಿನ ರೆಕ್ಕೆ ಮಸುಕಾಗುತ್ತದೆ. ಫ್ಲ್ಯಾಶ್ ಪವರ್ ಜಾಸ್ತಿ ಮಾಡಬೇಕಾ?

ಕಡಿಮೆ ಮಾಡಿ! ಪವರ್ ಇಳಿಸಿದರೆ ಫ್ಲ್ಯಾಶ್ ಬೆಳಗುವ ಹೊತ್ತೇ ಕಡಿಮೆಯಾಗುತ್ತದೆ. ಪೂರ್ತಿ ಪವರಿನಲ್ಲಿ ಹೆಚ್ಚುಕಮ್ಮಿ ಸೆಕೆಂಡಿನ ಸಾವಿರದಲ್ಲೊಂದು ಭಾಗ ಅಥವಾ ಇನ್ನೂ ಜಾಸ್ತಿ ಹೊತ್ತು ಉರಿಯುವ ಫ್ಲ್ಯಾಶ್, ಪವರನ್ನು 1/64ಕ್ಕೆ ಇಳಿಸಿದಾಗ ಅದರ ಹತ್ತಾರು ಪಟ್ಟು ಚುರುಕಾಗುತ್ತದೆ. ಅಮೆರಿಕದ ಎಂಐಟಿ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಹೆರಾಲ್ಡ್ ಎಜರ್ಟನ್ 1957ರಲ್ಲಿ ಹಾಲಿನ ಹನಿ ಚಿಮ್ಮಿ ಕಿರೀಟದ ಹಾಗೆ ನಿಂತ ಫೋಟೊ ತೆಗೆದದ್ದು ಇಂಥ ಚುರುಕು ಫ್ಲ್ಯಾಶಿನಿಂದಲೇ. ಬೆಳಕು ಸಾಲದೆ ಹೋದರೆ ಫ್ಲ್ಯಾಶನ್ನು ಹೂವಿನ ಹತ್ತಿರ ತನ್ನಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಮುಂದೆ ಬಟರ್ ಪೇಪರ್ ಕಟ್ಟಿ, ನೆರಳಿರುವ ಗಿಡ ಆರಿಸಿ, ಶಟರ್ 1/200 ಇರಲಿ.

ಹೀಗೆ ಮಾಡಿದಾಗ ಹಿನ್ನೆಲೆ ಕಪ್ಪಾಗುತ್ತದೆ. ಕೆಲವರಿಗೆ ಅದು ಇಷ್ಟ, ನನಗಂತೂ ಹಗಲಲ್ಲಿ ತೆಗೆದ ಹೂವು ನಡುರಾತ್ರಿ ತೆಗೆದಂತೆ ಕಂಡರೆ ಕಿರಿಕಿರಿ. ಹಿಂದೆ ಇನ್ನೊಂದು ಹೂಬಿಟ್ಟ ಕೊಂಬೆ ಹತ್ತಿರದಲ್ಲೇ ಬರುವಂತೆ ನಿಂತುಕೊಳ್ಳಿ, ಅದಕ್ಕೂ ಬೆಳಕು ತಗಲುತ್ತದೆ. ಹೂಮಳೆ ಬಿದ್ದು ಅರಳಿದ ಮೇಲೆ ಹೂವು ಕೆಲವೇ ದಿನ ಇರುತ್ತದೆ, ಅಭ್ಯಾಸವನ್ನು ಮುಂಚೆಯೇ ದಾಸವಾಳದ ಮೇಲೆ ಮಾಡಿಕೊಳ್ಳಿ.

ಕಡೂರಿನ ಓದುಗರು: ಡೊಳ್ಳು ಕುಣಿತದ ಫೋಟೊದಲ್ಲಿ ಬೆಳಕಿನ ಗೆರೆ ಕುಣಿಯುವವರ ಮುಂದೆ ಬರುತ್ತದೆ, ಹಿಂದೆ ಬರಬೇಕು.

ಮೆನುವಿನಲ್ಲಿ ರಿಯರ್ ಕರ್ಟನ್ ಅಂತ ಇರುತ್ತದೆ, ಅದನ್ನು ಹಾಕಿ. ಶಟರ್ ಮುಚ್ಚುವ ಮುಂಚೆ ಫ್ಲ್ಯಾಶ್ ಹೊಡೆಯುತ್ತದೆ, ಗೆರೆ ಹಿಂದೆ ಉಳಿಯುತ್ತದೆ. ಶಟರ್ 1/8ರಿಂದ ಶುರು ಮಾಡಿ.

ಹಾಸನದ ಓದುಗರು: ಮೊದಲ ಫ್ಲ್ಯಾಶ್, ಟಿಟಿಎಲ್ (ಪವರನ್ನು ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ) ಇರುವುದೇ ಬೇಕಾ?

ಮದುವೆ ಫೋಟೊ ತೆಗೆಯುವುದಾದರೆ ಬೇಕು, ಅಲ್ಲಿ ಪವರ್ ತಿರುಗಿಸುತ್ತಾ ಕೂರಲು ಪುರೋಹಿತರು ಬಿಡುವುದಿಲ್ಲ. ಸುಮ್ನೆ ಕಲಿಯುವುದಕ್ಕೆ ಮ್ಯಾನ್ಯುಯಲ್ ಫ್ಲ್ಯಾಶ್, ಟ್ರಿಗರ್ ಸಾಕು. ಸೆಕೆಂಡ್‌ಹ್ಯಾಂಡ್ ತಗೊಳ್ಳುವಾಗ ಬ್ಯಾಟರಿ ಮುಚ್ಚಳ ತೆಗೆದು ಒಳಗೆ ಹಸಿರು ಕಿಲುಬು ಇದೆಯಾ ನೋಡಿ. ಇದ್ದರೆ ರೇಟು ಎಷ್ಟೇ ಇಳಿಸಿದರೂ ಬೇಡ.