ಮಗಳು ಕೇಳೋದೂ ಮೆಟಲ್ಲೇ ಸಾರ್

ಓದುಗರ ಪತ್ರ: ನಾನು ಐರನ್ ಮೇಡನ್, ಜುಡಾಸ್ ಪ್ರೀಸ್ಟ್ ಥರದ ಬ್ಯಾಂಡುಗಳ ಮೆಟಲ್, ಅಂದರೆ ಗಿಟಾರ್ ಅಬ್ಬರದ ರಾಕ್ ಸಂಗೀತ, ಕೇಳಿಕೊಂಡು ಬೆಳೆದವನು. ಕಾಲೇಜಿಗೆ ಹೋಗುವ ಮಗಳು ಸ್ಲೀಪ್ ಟೋಕನ್ ಅನ್ನೋ ಮುಖವಾಡದವರ ಹಾಡು ಹಾಕಿ ಇದೂ ಮೆಟಲ್ ಅಂತಾಳೆ. ಅರ್ಧ ಪಿಯಾನೊ, ಇನ್ನರ್ಧ ಗುಡುಗು. ಗಿಟಾರ್ ಒಂದೇ ಮುಂದೆ ಬಂದು ಮೆರೆಯುವ ಸೋಲೊ ನೆಟ್ಟಗೆ ಒಂದೂ ಇಲ್ಲ. ಮೊನ್ನೆ ಅವಳ ಗೆಳೆಯ ಮೆಟಾಲಿಕಾ ಬ್ಯಾಂಡಿನ ಟೀ ಶರ್ಟ್ ಹಾಕಿಕೊಂಡು ಮನೆಗೆ ಬಂದ, 'ಮೂರು ಹಾಡು ಹೇಳು ನೋಡೋಣ' ಅಂದೆ. ಮೆಟಲ್ ಕಥೆ ಮುಗೀತು ಅಂತ ನೀವಾದರೂ ಬರೆಯಬಾರದೇ? – ಒಬ್ಬ ಓದುಗ, ರಾಜಾಜಿನಗರ

ಸಂಪಾದಕರ ಉತ್ತರ: ಬರೆಯಬಹುದಿತ್ತು ಸಾರ್, ಆದರೆ ಪಿಯಾನೊ ಮಾತೆತ್ತಿ ನೀವೇ ಸಿಕ್ಕಿಬಿದ್ದಿರಿ. ಮೆಟಲ್ ಹುಟ್ಟಿಸಿದ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ 1972ರ 'ಚೇಂಜಸ್' ಹಾಡು ನೆನಪಿದೆ ಅಲ್ವಾ? ಅದರಲ್ಲಿ ಗಿಟಾರೂ ಇಲ್ಲ, ಡ್ರಮ್ಸೂ ಇಲ್ಲ. ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೊಮಿ ಗಿಟಾರ್ ಬದಿಗಿಟ್ಟು ಪಿಯಾನೊ ಮುಂದೆ ಕೂತಿದ್ದರು. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಸಬ್ಬತ್‌ನ ಕೊನೆಯ ಕಛೇರಿ ನಡೆಯಿತಲ್ಲ, ಅಲ್ಲಿ ಈ ಹಾಡನ್ನು ಹಾಡಿದ್ದು ಯಂಗ್‌ಬ್ಲಡ್ ಅನ್ನೋ ಚಿಕ್ಕ ವಯಸ್ಸಿನ ಹುಡುಗ. ಈ ಸಲ ಡ್ರಮ್ಸೂ ಇತ್ತು, ಅವನ ಹಿಂದೆ ಕೂತು ಬಾರಿಸಿದ್ದು ಯಾರು ಗೊತ್ತಾ? ನಿಮ್ಮ ಮಗಳ ಸ್ಲೀಪ್ ಟೋಕನ್‌ನ ಡ್ರಮ್ಮರ್. ಅದಾಗಿ ಮೂರು ವಾರದೊಳಗೆ ಸಬ್ಬತ್‌ನ ಗಾಯಕ ಓಝಿ ತೀರಿಕೊಂಡರು. ಮೆಟಲ್ ಹುಟ್ಟಿಸಿದವರ ವೇದಿಕೆಗೇ ಸಲ್ಲುವವನು ನಮ್ಮ ನಿಮ್ಮ ಮನೆಗೆ ಯಾಕೆ ಸಲ್ಲಬಾರದು?

ನನಗೆ ಕಾಣುವುದು ಬೇರೆ. ನಿಮ್ಮಿಬ್ಬರಿಗೂ ಬೇಕಾದದ್ದು ಸದ್ದಿನ ಭಾರವೇ, ಅದನ್ನು ಹುಡುಕುವ ಜಾಗ ಮಾತ್ರ ಬೇರೆ. ಹದಿನೇಳನೇ ವಯಸ್ಸಿನಲ್ಲಿ ಅಯೊಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡರು. ಎಡಚ ಆಗಿದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಒತ್ತಲು ಹಗುರಾಗಲಿ ಅಂತ ತಂತಿಗಳನ್ನು ಸಡಿಲ ಮಾಡಿದರು, 1971ರ ಹೊತ್ತಿಗೆ ಶ್ರುತಿಯನ್ನು ಚೆನ್ನಾಗಿಯೇ ಇಳಿಸಿದ್ದರು. ಶ್ರುತಿ ಇಳಿದಂತೆ ಸದ್ದು ದಪ್ಪಗಾಯಿತು.

ಮುಂದೆ ದಾರಿ ಎರಡಾಯಿತು. ನಿಮ್ಮ ಮೇಡನ್, ಪ್ರೀಸ್ಟ್ ಕಡೆಯವರು ವೇಗ ಹಿಡಿದರು. ಜೋಡಿ ಗಿಟಾರ್, ಏರು ದನಿಯ ಗಾಯನ, ಶ್ರುತಿ ಹೆಚ್ಚುಕಮ್ಮಿ ಮಾಮೂಲಿ. ಇನ್ನೊಂದು ಕಡೆಯವರು ಅಯೊಮಿ ಇಳಿಸಿದ್ದನ್ನು ಇನ್ನೂ ಇಳಿಸುತ್ತಾ ಹೋದರು. ಮಾಮೂಲಿ ಗಿಟಾರಿಗೆ ಆರು ತಂತಿ; 1994ರಲ್ಲಿ ಅಮೆರಿಕದ ಕಾರ್ನ್ ಬ್ಯಾಂಡ್ ಏಳು ತಂತಿಯ ಗಿಟಾರ್ ತಂದಿತು, ಆಮೇಲೆ ಸ್ವೀಡನ್ನಿನ ಮೆಶುಗಾ ಎಂಟು ತಂತಿಗೆ ಹೋಯಿತು. ನಿಮ್ಮ ಮಗಳು ಬೆಳೆದದ್ದು ಈ ಕಡೆ. ಅಷ್ಟು ಕೆಳಗಿನ ಶ್ರುತಿಯಲ್ಲಿ ಸರಸರ ನುಡಿಸಿದರೆ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ನಡುವೆ ಜಾಗ ಬಿಡುತ್ತಾರೆ, ಮೆಲ್ಲಗೆ ಹಾಡುತ್ತಾರೆ, ಆಮೇಲೆ ಎಲ್ಲ ವಾದ್ಯ ಸೇರಿ ಒಮ್ಮೆಲೇ ಗುಡುಗಿನ ಹಾಗೆ ಬೀಳುತ್ತಾರೆ. ನೀವು ಸೋಲೊಗೆ ಕಾದ ಹಾಗೆ ಅವಳು ಆ ಬೀಳುವ ಗಳಿಗೆಗೆ ಕಾಯುತ್ತಾಳೆ.

ಈ ಜಗಳ ಹೊಸದೂ ಅಲ್ಲ. 1991ರಲ್ಲಿ ಮೆಟಾಲಿಕಾದ ಕಪ್ಪು ಆಲ್ಬಂ ಬಂದಾಗ ಥ್ರ್ಯಾಶ್ ಅನ್ನೋ ವೇಗದ ಮೆಟಲ್‌ನ ಹಳೇ ಅಭಿಮಾನಿಗಳು ಬೈದದ್ದು ಕಮ್ಮಿಯಾ? ಹಾಡು ಚಿಕ್ಕದಾಯಿತು, ವೇಗ ಹೋಯಿತು, ರೇಡಿಯೋಗೆ ಮಾರಿಕೊಂಡರು ಅಂತ. ಈಗ ಅದೇ ಆಲ್ಬಂ ಹಿಡಿದುಕೊಂಡು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ.

ಒಂದು ವಿಷಯದಲ್ಲಿ ಪೂರ್ತಿ ನಿಮ್ಮ ಕಡೆ ಇದ್ದೇನೆ. ಇವತ್ತಿನ ಎಷ್ಟೋ ಆಲ್ಬಂಗಳಲ್ಲಿ ಡ್ರಮ್ಸ್ ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಕೇಳುತ್ತದೆ. ಪ್ರತಿ ಏಟೂ ಒಂದೇ ತೂಕ. ಕಂಪ್ಯೂಟರಿನಲ್ಲಿ ತಿದ್ದಿ ತಿದ್ದಿ ಕೈಯ ಗುರುತೇ ಉಳಿಸಿಲ್ಲ. ಸಬ್ಬತ್‌ನ ಡ್ರಮ್ಮರ್ ಬಿಲ್ ವಾರ್ಡ್ ಬಾರಿಸಿದ್ದು ಹಿಂದೆಮುಂದೆ ತೂಗುತ್ತಿತ್ತು, ಅದರಲ್ಲೇ ಮಜಾ ಇತ್ತು. ಇದನ್ನು ಮಗಳಿಗೆ ಹೇಳಿ, ವಾದಕ್ಕೆ ಬರುತ್ತಾಳೆ, ಬರಲಿ.

ಹೊಸಬರಿಗೆಲ್ಲ ಹಳೇದು ಬೇಡ ಅನ್ನೋದೂ ನಿಜವಲ್ಲ. ನಮ್ಮ ಬೆಂಗಳೂರಿನ ಮೆಟಲ್ ಬ್ಯಾಂಡ್ ಕ್ರಿಪ್ಟೋಸ್ ಶುರುವಾದದ್ದು 1998ರಲ್ಲಿ. ಆಗಿನ ಫ್ಯಾಷನ್ ಬಿಟ್ಟು ಎಂಬತ್ತರ ದಶಕದ ಸದ್ದನ್ನೇ ಹಿಡಿದರು, ಅದನ್ನೇ ನುಡಿಸಿಕೊಂಡು 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಉತ್ಸವದವರೆಗೂ ಹೋದರು.

ಇನ್ನು ಟೀ ಶರ್ಟ್ ವಿಚಾರ. ಮಗಳ ಗೆಳೆಯ ಮೆಟಾಲಿಕಾ ಟೀ ಶರ್ಟ್ ಹಾಕಿಕೊಂಡು ಮನೆಗೆ ಬಂದಾಗ, 'ಮೂರು ಹಾಡು ಹೇಳು ನೋಡೋಣ' ಅಂದಿರಿ. ಅದೊಂದು ಬೇಡ ಸಾರ್. ಮೆಟಾಲಿಕಾದ 1986ರ ಹಾಡು 'ಮಾಸ್ಟರ್ ಆಫ್ ಪಪೆಟ್ಸ್' 2022ರಲ್ಲಿ ಒಂದು ವೆಬ್ ಸೀರೀಸ್‌ನಲ್ಲಿ ಬಂದು, ಲಕ್ಷಾಂತರ ಮಕ್ಕಳು ಮೊದಲ ಸಲ ಕೇಳಿದಾಗ ನಿಮ್ಮಂಥವರು ಹೀಗೇ ಗೊಣಗಿದರು. ಬ್ಯಾಂಡಿನವರು ಮಾತ್ರ ಎಲ್ಲರೂ ಬನ್ನಿ ಅಂದರು. ಆ ಹುಡುಗ ಇನ್ನೊಮ್ಮೆ ಬಂದರೆ ಸುಮ್ನೆ ಕಾಫಿ ಕೊಟ್ಟು, ಒಂದು ಹಾಡು ಹಾಕಿ.