ಪ್ರವಾದಿಯನ್ನು ಪ್ರಶ್ನಿಸಿದರೆ ಶಾಪ ತಟ್ಟುತ್ತದೆಯೇ?

ಪ್ರಶ್ನೆ: ನನಗೆ 34 ವರ್ಷ. ಗದಗ ಕಡೆಯವಳು. ಅಜ್ಜನ ಕಾಲದಿಂದಲೂ ನಮ್ಮದು ಕ್ರೈಸ್ತ ಕುಟುಂಬ. ನಮ್ಮ ಮನೆಯವರದು ಮೋಟರ್ ರಿವೈಂಡಿಂಗ್ ಅಂಗಡಿ, ಈಚೆಗೆ ಬರೀ ನಷ್ಟ. ಪಕ್ಕದ ಮನೆಯವರು ಅತ್ತೆಯನ್ನು ದೇವರ ಮಾತು ತಿಳಿಸುತ್ತೇನೆ ಎನ್ನುವ ಒಬ್ಬ ಪ್ರವಾದಿಯ ಶುಕ್ರವಾರದ ಉಪವಾಸ ಕೂಟಕ್ಕೆ ಕರೆದುಕೊಂಡು ಹೋದರು. ಮೊದಲ ದಿನವೇ ಅವರು ಅಷ್ಟು ಜನರ ನಡುವೆ ಅತ್ತೆಯನ್ನು ಹೆಸರು ಹಿಡಿದು ಎಬ್ಬಿಸಿ, ಮಂಡಿನೋವು, ಮಗನ ಅಂಗಡಿ ಎಲ್ಲ ಹೇಳಿಬಿಟ್ಟರಂತೆ. ಅವತ್ತಿನಿಂದ ಮನೆಯಲ್ಲಿ ಅವರ ಮಾತೇ ಕೊನೆ. ಈಸ್ಟರ್ ಒಳಗೆ ಮಗನಿಗೆ ಕುವೈತ್‌ನಲ್ಲಿ ಕೆಲಸ ಅಂತ ಪ್ರವಾದನೆ ಹೇಳಿದರು. ನನ್ನ ಬೋರಮಾಳ ಸರವನ್ನು ಸೊಸೈಟಿಯಲ್ಲಿ ಅಡ ಇಟ್ಟು 60 ಸಾವಿರ ಕಾಣಿಕೆ ಕೊಟ್ಟೆವು. ಈಸ್ಟರ್ ಕಳೆಯಿತು, ಕೆಲಸ ಬರಲಿಲ್ಲ. ಕೇಳಿದ್ದಕ್ಕೆ, 'ಮನೆಯಲ್ಲಿ ಒಬ್ಬಳಿಗೆ ಅಪನಂಬಿಕೆ ಇದೆ, ಅದೇ ತಡೆದಿದೆ' ಎಂದರು. ಆ ಒಬ್ಬಳು ನಾನೇ. ಈಗ ಶಾಪ ಮುರಿಯಲು ಇನ್ನೂ ಒಂದು ಲಕ್ಷ ಕಾಣಿಕೆ 'ಬಿತ್ತಬೇಕಂತೆ'. ಅತ್ತೆ ಮೂರು ವಾರದಿಂದ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಬಿಟ್ಟಿದ್ದಾರೆ. ನಾನು ಬಾಯಿ ತೆಗೆದರೆ, 'ಅಭಿಷಿಕ್ತರನ್ನು ಮುಟ್ಟಬೇಡ, ಮಕ್ಕಳಿಗೆ ತಟ್ಟುತ್ತದೆ' ಎನ್ನುತ್ತಾರೆ. ನನಗೆ ನಿಜಕ್ಕೂ ಭಯ. ಸಂಶಯ ಪಡುವುದು ಪಾಪವೇ? ಯಾರು ನಿಜವಾದ ಪ್ರವಾದಿ, ಯಾರು ಸುಳ್ಳು ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲು ಮಾತ್ರೆ. ಉಳಿದದ್ದೆಲ್ಲ ಆಮೇಲೆ.

ನಾಳೆ ಬೆಳಗ್ಗೆಯೇ ಅತ್ತೆಯವರ ರಕ್ತ ಪರೀಕ್ಷೆ ಮಾಡಿಸಿ, ಅವರನ್ನು ಯಾವಾಗಲೂ ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ವಿಪರೀತ ಬಾಯಾರಿಕೆ, ವಾಂತಿ, ಮಂಪರು ಇದ್ದರೆ ನಾಳೆವರೆಗೂ ಕಾಯಬೇಡಿ. 'ಮಾತ್ರೆ ನುಂಗಿದರೆ ನಂಬಿಕೆ ಕಡಿಮೆ ಅಂತ ಆಗುತ್ತದೆ' ಎಂದು ಅವರು ಹಟ ಹಿಡಿದರೆ ಬೈಬಲಿನಲ್ಲಿ ಯೆಶಾಯನ 38ನೇ ಅಧ್ಯಾಯ ತೆಗೆದು ಓದಿ ಹೇಳಿ. ಅರಸ ಹಿಜ್ಕೀಯ ಸಾಯುವ ಸ್ಥಿತಿಯಲ್ಲಿ ಗೋಡೆಯ ಕಡೆ ತಿರುಗಿ ಅತ್ತು ಪ್ರಾರ್ಥಿಸುತ್ತಾನೆ. ದೇವರು ಇನ್ನೂ 15 ವರ್ಷ ಆಯುಸ್ಸು ಕೊಡುತ್ತಾರೆ. ಆ ಮಾತನ್ನು ತಂದ ಪ್ರವಾದಿ ಯೆಶಾಯನೇ ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಹಚ್ಚಲು ಹೇಳುತ್ತಾನೆ. ಪ್ರಾರ್ಥನೆಯೂ ಆಯ್ತು, ಔಷಧಿಯೂ ಆಯ್ತು. ಅಪೊಸ್ತಲ ಪೌಲನ ಜೊತೆಗಿದ್ದ ಲೂಕ ವೈದ್ಯನೇ ಅಲ್ವಾ? ಪೌಲ ಅವನನ್ನು 'ಕೆಲಸ ಬಿಡು, ನಂಬಿಕೆ ಸಾಕು' ಅಂತ ಮನೆಗೆ ಕಳಿಸಲಿಲ್ಲ.

ಈಗ ನಿಮ್ಮ ಭಯದ ಮಾತು. ನಾನು ದೇವಶಾಸ್ತ್ರ ಓದಿದವಳಲ್ಲ. ಸಂಡೇ ಸ್ಕೂಲ್‌ನಲ್ಲಿ ಮಕ್ಕಳಿಗೆ ಕಥೆ ಹೇಳಿ ಹೇಳಿ ಬೈಬಲ್ ಕಲಿತವಳು. ಆದರೆ ಈ 'ಅಭಿಷಿಕ್ತರನ್ನು', ಅಂದರೆ ದೇವರು ಆರಿಸಿಕೊಂಡವರನ್ನು, 'ಮುಟ್ಟಬೇಡಿ' ಅನ್ನುವ ವಾಕ್ಯವನ್ನು ಎಷ್ಟು ಜನರ ಬಾಯಿ ಮುಚ್ಚಿಸಲು ಬಳಸಿದ್ದಾರೆ ಎಂದು ನೋಡಿದರೆ ಸಿಟ್ಟು ಬರುತ್ತದೆ. ಅದು 105ನೇ ಕೀರ್ತನೆಯ 15ನೇ ವಚನ. ಕೆಲವು ವಚನ ಹಿಂದಿನಿಂದ ಓದಿ. ಅಬ್ರಹಾಮ, ಇಸಾಕ, ಯಾಕೋಬರ ಮನೆಯವರು ಆಗ ಕೆಲವೇ ಜನ. ಸ್ವಂತ ನೆಲ ಇಲ್ಲ, ಊರಿಂದ ಊರಿಗೆ ಅಲೆಯುವವರು. ಅವರಿಗೆ ಕೈ ಹಚ್ಚಬೇಡಿ ಎಂದು ದೇವರು ಎಚ್ಚರಿಸಿದ್ದು ರಾಜರನ್ನು. ದಿಕ್ಕಿಲ್ಲದವರನ್ನು ಬಲವಂತರಿಂದ ಕಾಯುವ ಮಾತು ಅದು. ವೇದಿಕೆ, ಮೈಕು, ಜನ ಎಲ್ಲ ಇರುವವರು ಅದನ್ನು ಸರ ಅಡ ಇಟ್ಟ ಸೊಸೆಯ ಮೇಲೆ ಎತ್ತುತ್ತಾರೆ ಅಂದರೆ ವಾಕ್ಯವನ್ನು ತಲೆಕೆಳಗೆ ಮಾಡಿದ ಹಾಗೆ. ಮೇಲಾಗಿ, ಪ್ರಶ್ನೆ ಕೇಳುವುದು ಕೈ ಹಚ್ಚುವುದಲ್ಲ.

ಸಂಶಯ ಪಾಪವೇ ಅಂತ ಕೇಳಿದ್ದೀರಿ. ಯೋಹಾನನ ಮೊದಲ ಪತ್ರದ 4ನೇ ಅಧ್ಯಾಯ ಶುರುವಾಗುವುದೇ ಎಲ್ಲ ಆತ್ಮಗಳನ್ನೂ ನಂಬಬೇಡಿ, ಪರೀಕ್ಷೆ ಮಾಡಿ ಎಂಬ ಮಾತಿನಿಂದ. ಕೊರಿಂಥದ ಸಭೆಗೆ ಪೌಲ ಬರೆದ ನಿಯಮ ಇನ್ನೂ ನೇರ: ಇಬ್ಬರೋ ಮೂವರೋ ಪ್ರವಾದನೆ ಹೇಳಲಿ, ಉಳಿದವರು ಅದನ್ನು ತೂಗಿ ನೋಡಲಿ. ಅಂದರೆ ತೂಗಿ ನೋಡುವುದು ಕೇಳುವವರ ಕೆಲಸ. ಬೆರೋಯ ಎಂಬ ಊರಿನ ಜನ ಪೌಲನ ಬೋಧನೆಯನ್ನೇ ದಿನಾ ಶಾಸ್ತ್ರ ತೆಗೆದು ತಾಳೆ ನೋಡಿದರು. ಅದಕ್ಕೆ ಅವರಿಗೆ ಸಿಕ್ಕಿದ್ದು ಬೈಗುಳ ಅಲ್ಲ, ಹೊಗಳಿಕೆ. ಇಸ್ರಾಯೇಲರ ನಾಯಕ ಗಿದ್ಯೋನ ಉಣ್ಣೆ ಹಾಸಿ ಒಂದು ಸಲ ಅಲ್ಲ, ಎರಡು ಸಲ ದೇವರನ್ನೇ ಪರೀಕ್ಷಿಸಿದ. ಅದಕ್ಕೆ ದೇವರು ಅವನನ್ನು ಶಪಿಸಲಿಲ್ಲ, ಕೇಳಿದ ಗುರುತನ್ನೇ ಕೊಟ್ಟರು.

'ಆದರೆ ಅವರು ಹೇಳಿದ್ದು ಸರಿಯಾಗಿತ್ತಲ್ಲ' ಎಂದು ಅತ್ತೆ ಕೇಳುತ್ತಾರೆ. ಕೇಳಲೇಬೇಕು. ಹೆಸರು, ಮಂಡಿನೋವು, ಅಂಗಡಿ, ಇವು ಸಣ್ಣ ವಿಷಯಗಳಲ್ಲ. ಇದಕ್ಕೆ ಬೈಬಲಿನ ಧರ್ಮೋಪದೇಶಕಾಂಡದ 13ನೇ ಅಧ್ಯಾಯದಲ್ಲಿ ಒಂದು ಗಟ್ಟಿ ಉತ್ತರ ಇದೆ. ಒಬ್ಬ ಪ್ರವಾದಿ ಹೇಳಿದ ಗುರುತು ಹೇಳಿದ ಹಾಗೇ ನಡೆದರೂ, ಅವನು ನಿಮ್ಮನ್ನು ದೇವರಿಂದ ಬೇರೆ ಕಡೆಗೆ ಎಳೆದರೆ ಕೇಳಬೇಡಿ ಎನ್ನುತ್ತದೆ ಅದು. ನಡೆಯದಿದ್ದರೆ ಅಲ್ಲ, ನಡೆದರೂ! ಫಿಲಿಪ್ಪಿ ಪಟ್ಟಣದ ದಾಸಿ ಹುಡುಗಿಯ ಕಥೆ ನೋಡಿ. ಪೌಲನ ಹಿಂದೆ ಬಂದು, ಇವರು ಪರಾತ್ಪರ ದೇವರ ಸೇವಕರು ಎಂದು ಕೂಗುತ್ತಿದ್ದಳು. ಒಂದಕ್ಷರವೂ ಸುಳ್ಳಲ್ಲ. ಆದರೂ ಪೌಲ ಆ ಆತ್ಮವನ್ನು ಬಿಡಿಸಿದ. ಅವಳು ಕಣಿ ಹೇಳಿದ್ದರಿಂದ ದುಡ್ಡು ಮಾಡುತ್ತಿದ್ದದ್ದು ಅವಳ ಯಜಮಾನರು ಎಂಬುದನ್ನೂ ಲೂಕ ಮರೆಯದೆ ಬರೆದಿದ್ದಾನೆ.

ಇನ್ನು ಹೆಸರು ಗೊತ್ತಾಗಲು ದರ್ಶನವೇ ಬೇಕಿಲ್ಲ. ಅಮೆರಿಕದಲ್ಲಿ ಪೀಟರ್ ಪೋಪಾಫ್ ಎಂಬ ಬೋಧಕರು ಸಭೆಯಲ್ಲಿ ಜನರ ಹೆಸರು, ವಿಳಾಸ, ಕಾಯಿಲೆ ಎಲ್ಲ ಹೇಳಿ ಬೆರಗು ಹುಟ್ಟಿಸುತ್ತಿದ್ದರು. ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರರಿಗೆ ಅನುಮಾನ ಬಂತು. ರೇಡಿಯೋ ಸ್ಕ್ಯಾನರ್ ಇಟ್ಟು ಕೇಳಿದಾಗ ಸಿಕ್ಕಿದ್ದು ದೇವದೂತರ ದನಿಯಲ್ಲ, ಬೋಧಕರ ಹೆಂಡತಿಯ ದನಿ. ಜನ ತುಂಬಿಕೊಟ್ಟ ಪ್ರಾರ್ಥನಾ ಚೀಟಿಗಳನ್ನು ಆಕೆ ಹೊರಗಿನಿಂದ ಓದುತ್ತಿದ್ದರು, ಅದು ಗಂಡನ ಕಿವಿಯೊಳಗಿನ ಪುಟ್ಟ ಯಂತ್ರಕ್ಕೆ ಕೇಳುತ್ತಿತ್ತು. 1986ರಲ್ಲಿ ಇದು ಟಿವಿಯಲ್ಲೇ ಬಯಲಾಯಿತು. ನಿಮ್ಮೂರಿನಲ್ಲೂ ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಅತ್ತೆಯನ್ನು ಸುಮ್ನೆ ಕೇಳಿ ನೋಡಿ: ಒಳಗೆ ಹೋಗುವ ಮುಂಚೆ ಚೀಟಿ ತುಂಬಿದಿರಾ? ಪಕ್ಕದ ಮನೆಯವರು ಮೊದಲೇ ಯಾರ ಹತ್ತಿರವಾದರೂ ನಿಮ್ಮ ವಿಷಯ ಮಾತಾಡಿದ್ದರಾ?

ಈಗ ಈಸ್ಟರ್ ವಿಷಯ. ಅದೇ ಧರ್ಮೋಪದೇಶಕಾಂಡದ 18ನೇ ಅಧ್ಯಾಯದ ಕೊನೆಗೆ ಹೋಗಿ. ಕರ್ತನ ಹೆಸರಿನಲ್ಲಿ ಹೇಳಿದ ಮಾತು ನಡೆಯದಿದ್ದರೆ ಅದು ಕರ್ತನ ಮಾತಲ್ಲ, ಆ ಪ್ರವಾದಿ ಅಹಂಕಾರದಿಂದ ಹೇಳಿದ್ದು, ನೀವು ಅವನಿಗೆ ಹೆದರಬೇಕಿಲ್ಲ. ಇಷ್ಟೇ ಅಲ್ಲಿರುವುದು. ತಪ್ಪಿದ ಮಾತಿನ ಹೊಣೆ ಹೇಳಿದವನ ತಲೆ ಮೇಲಿದೆ. ಕೇಳಿದವರ ಮನೆಯ ಸೊಸೆಯ ತಲೆ ಮೇಲಲ್ಲ.

ಪ್ರವಾದಿ ಯೋನ ಹೇಳಿದ್ದೂ ನಡೆಯಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. 40 ದಿನದಲ್ಲಿ ನಿನೆವೆ ಪಟ್ಟಣ ಹಾಳಾಗುತ್ತದೆ ಎಂದ, ಆಗಲಿಲ್ಲ. ಆದರೆ ಜನ ಕೆಟ್ಟ ದಾರಿ ಬಿಟ್ಟಿದ್ದಕ್ಕೆ ದೇವರು ಶಿಕ್ಷೆ ತಡೆದರು. ಒಳ್ಳೆಯದು ಮಾಡುತ್ತೇನೆ ಎಂದ ದೇವರು ಒಬ್ಬ ಹೆಂಗಸಿಗೆ ಸಂಶಯ ಬಂತು ಅಂತ ಮಾತು ತಪ್ಪಿದರೇ? ಅಬ್ರಹಾಮನ ಹೆಂಡತಿ ಸಾರಳನ್ನು ನೆನಪಿಸಿಕೊಳ್ಳಿ. ಈ ವಯಸ್ಸಿನಲ್ಲಿ ನನಗೆ ಮಗುವೇ ಅಂತ ಗುಡಾರದೊಳಗೆ ನಿಂತು ನಕ್ಕಳು. ಕೇಳಿದಾಗ 'ನಾನು ನಗಲಿಲ್ಲ' ಎಂದು ಸುಳ್ಳು ಬೇರೆ. ಆದರೂ ಹೇಳಿದ ಹೊತ್ತಿಗೆ ಇಸಾಕ ಹುಟ್ಟಿದ. ನಿಮ್ಮ ಅಪನಂಬಿಕೆ ಕುವೈತ್ ವೀಸಾ ತಡೆಯುವಷ್ಟು ಬಲವಾದದ್ದಾಗಿದ್ದರೆ ಸಾರಳ ನಗು ಏನು ಮಾಡಬೇಕಿತ್ತು!

ಸಿಹಿ ಮಾತಿನ ಬಗ್ಗೆಯೂ ಹೇಳಬೇಕು, ಯಾಕೆಂದರೆ ನಿಮ್ಮ ಮನೆಯವರು ಜಾರಿದ್ದು ಅಲ್ಲೇ. ಯೆರೆಮೀಯನ 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಬಾಬೆಲಿಗೆ ಸೆರೆ ಹೋದವರೆಲ್ಲ ಎರಡೇ ವರ್ಷದಲ್ಲಿ ವಾಪಸ್ ಬರುತ್ತಾರೆ ಎಂದು ದೇವಾಲಯದಲ್ಲಿ, ಎಲ್ಲರ ಎದುರು ಹೇಳುತ್ತಾನೆ. ಬಾಬೆಲಿಗೆ ತಲೆಬಾಗಬೇಕು ಎಂಬುದರ ಗುರುತಾಗಿ ಯೆರೆಮೀಯ ಕುತ್ತಿಗೆ ಮೇಲೆ ಹೊತ್ತಿದ್ದ ಮರದ ನೊಗ ಕಿತ್ತು ಮುರಿದೂ ಹಾಕುತ್ತಾನೆ. ನಾನು ಅಲ್ಲಿದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆನೋ ಏನೋ. ಮಗ ಸೆರೆಯಲ್ಲಿರುವ ಯಾವ ತಾಯಿಗೆ ಸೆರೆ 70 ವರ್ಷ ಎನ್ನುವ ಯೆರೆಮೀಯ ಬೇಕು? ಯೆರೆಮೀಯನೂ ಮೊದಲು 'ಆಮೆನ್, ಹಾಗೇ ಆಗಲಿ' ಎಂದೇ ಅನ್ನುತ್ತಾನೆ. ಆದರೆ ಶಾಂತಿ, ಸಮಾಧಾನ ಎಂದು ಹೇಳುವ ಪ್ರವಾದಿಯನ್ನು ಆ ಮಾತು ನಡೆದ ಮೇಲೆ ಮಾತ್ರ ಒಪ್ಪಬೇಕು ಎಂದೂ ಸೇರಿಸುತ್ತಾನೆ. ನಡೆದ ಮೇಲೆ. ಮುಂಗಡ ಕಾಣಿಕೆ ಕೊಟ್ಟು ಅಲ್ಲ. ಎರಡು ವರ್ಷದಲ್ಲಿ ಯಾರೂ ವಾಪಸ್ ಬರಲಿಲ್ಲ.

ದುಡ್ಡಿನ ವಿಷಯದಲ್ಲಿ ಬೈಬಲ್ ಮುಚ್ಚುಮರೆ ಮಾಡುವುದಿಲ್ಲ. ಬಾಯಿಗೆ ಹಾಕಿದರೆ ಸಮಾಧಾನ ಎನ್ನುವ, ಹಾಕದಿದ್ದರೆ ಯುದ್ಧಕ್ಕೆ ನಿಲ್ಲುವ ಪ್ರವಾದಿಗಳನ್ನು ಮೀಕ ತನ್ನ ಪುಸ್ತಕದ 3ನೇ ಅಧ್ಯಾಯದಲ್ಲಿ ಹೆಸರು ಹೇಳದೆ ಬೈಯುತ್ತಾನೆ. ಕೊಟ್ಟಾಗ ಆಶೀರ್ವಾದ, ಪ್ರಶ್ನೆ ಕೇಳಿದಾಗ ಶಾಪ ಎಂಬ ನಿಮ್ಮ ಅನುಭವ ಅಲ್ಲಿ ಹಾಗೇ ಇದೆ. ಸೇನಾಪತಿ ನಾಮಾನ ತನ್ನ ಕುಷ್ಠ ವಾಸಿಯಾದ ಖುಷಿಗೆ ಬೆಳ್ಳಿ, ಬಂಗಾರ, ಬಟ್ಟೆ ಹೊತ್ತು ತಂದರೂ ವಾಸಿಯಾಗುವ ದಾರಿ ಹೇಳಿದ ಪ್ರವಾದಿ ಎಲೀಷ ಒಂದು ಕಾಸು ಮುಟ್ಟಲಿಲ್ಲ. ಬೆನ್ನ ಹಿಂದೆ ಓಡಿ ಹೋಗಿ ಇಸಿದುಕೊಂಡವನು ಅವನ ಆಳು ಗೇಹಜಿ, ಅವನಿಗೆ ಆ ಕುಷ್ಠವೇ ಅಂಟಿತು. ಅಗಬ ಎಂಬ ಪ್ರವಾದಿಯ ಕಥೆ ನನಗೆ ಇನ್ನೂ ಇಷ್ಟ. ದೊಡ್ಡ ಬರ ಬರುತ್ತದೆ ಎಂದು ಪ್ರವಾದನೆ ಹೇಳಿದ. ಅಂತಿಯೋಕ್ಯದ ಸಭೆಯವರು ತಮ್ಮ ತಮ್ಮ ಶಕ್ತಿಯಿದ್ದಷ್ಟು ಹಣ ಕೂಡಿಸಿದರು. ಆ ಹಣ ಹೋಗಿದ್ದು ಯೂದಾಯದ ಸಹೋದರರಿಗೆ. ಅಗಬನ ಕೈಗಲ್ಲ.

ಬೈಬಲಿನಲ್ಲಿಲ್ಲದ ಒಂದು ಸಾಕ್ಷಿಯೂ ಇದೆ. ಆದಿ ಕ್ರೈಸ್ತರು ಬಳಸುತ್ತಿದ್ದ 'ಡಿಡಾಕೆ' ಎಂಬ ಸಣ್ಣ ಕೈಪಿಡಿಯ ಹಳೆಯ ಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು. ಊರಿಗೆ ಬರುವ ಬೋಧಕರನ್ನು ಅಳೆಯಲು ಅದರಲ್ಲಿ ಕಟ್ಟುನಿಟ್ಟಾದ ಮಾತುಗಳಿವೆ. ಹೊರಡುವಾಗ ಮುಂದಿನ ಊರು ಸೇರುವಷ್ಟು ರೊಟ್ಟಿ ಕೊಡಿ, ದುಡ್ಡು ಕೇಳಿದರೆ ಅವನು ಸುಳ್ಳು ಪ್ರವಾದಿ. ಆತ್ಮದ ಹೆಸರಲ್ಲಿ ನನಗೆ ಹಣ ಕೊಡು ಎಂದರೆ ಕೇಳಬೇಡಿ, ಇಲ್ಲದವರಿಗೆ ಕೊಡಿ ಎಂದರೆ ತೀರ್ಪು ಮಾಡಬೇಡಿ.

ನಿಮ್ಮೂರಿನವರು ಬೇಕಂತಲೇ ಮೋಸ ಮಾಡುತ್ತಿದ್ದಾರೆ ಎಂದು ನಾನು ಇಲ್ಲಿ ಕೂತು ಹೇಳಲಾರೆ. ತಮ್ಮ ಮನಸ್ಸಿಗೆ ತೋರಿದ್ದನ್ನೇ ದೇವರ ಮಾತೆಂದು ನಂಬಿ ಹೇಳುವವರೂ ಇರುತ್ತಾರೆ ಎಂದು ಯೆರೆಮೀಯನೇ ಬರೆದಿದ್ದಾನೆ. ಯೇಸುವಿನ ಹೆಸರು ಹೇಳುತ್ತಾರೆ ಎಂಬುದೊಂದೇ ಗುರುತಾಗಿ ಸಾಲದು. ನಿನ್ನ ಹೆಸರಿನಲ್ಲೇ ಪ್ರವಾದನೆ ಹೇಳಿದೆವಲ್ಲ ಎನ್ನುವವರಿಗೆ 'ನಾನು ನಿಮ್ಮನ್ನು ಅರಿಯೆ' ಎಂದು ಯೇಸು ಕೊಡುವ ಉತ್ತರ ಮತ್ತಾಯನ 7ನೇ ಅಧ್ಯಾಯದಲ್ಲಿದೆ. ಫಲ ನೋಡಿ ಎಂದೂ ಅಲ್ಲೇ ಹೇಳಿದ್ದಾರೆ. ನಿಮ್ಮ ಮನೆಯಲ್ಲಿ ಕಾಣುವ ಫಲ ಏನು? ಮಾತ್ರೆ ಬಿಟ್ಟ ಅತ್ತೆ, ಅಡದಲ್ಲಿರುವ ಸರ, ಮಕ್ಕಳಿಗೆ ಏನಾಗುತ್ತೋ ಎಂದು ನಿದ್ದೆಗೆಟ್ಟ ನೀವು. ಹಾಗಂತ ಎಲ್ಲ ಪ್ರವಾದನೆಯನ್ನೂ ತಳ್ಳಿಹಾಕಿ ಎನ್ನುತ್ತಿಲ್ಲ. ಥೆಸಲೊನೀಕದವರಿಗೆ ಪೌಲ ಪ್ರವಾದನೆಯನ್ನು ಹೀನಾಯ ಮಾಡಬೇಡಿ, ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದು ಒಟ್ಟಿಗೇ ಹೇಳುತ್ತಾನೆ.

ಅತ್ತೆಯ ಹತ್ತಿರ 'ಅವರು ಸುಳ್ಳು ಪ್ರವಾದಿ' ಎಂದು ಶುರು ಮಾಡಬೇಡಿ. ಮಾತು ಅಲ್ಲೇ ನಿಂತುಹೋಗುತ್ತದೆ. ಮಗನ ಸಲುವಾಗಿ ಉಪವಾಸ ಮಾಡುವ ತಾಯಿ ಅವರು, ಆ ಕಾಳಜಿಯನ್ನು ಮೊದಲು ಒಪ್ಪಿಕೊಳ್ಳಿ. 'ಅತ್ತೆ, ಈ ಅಧ್ಯಾಯ ಇಬ್ಬರೂ ಕೂತು ಓದೋಣ' ಅನ್ನಿ. ನಿಮ್ಮ ಹಳೆಯ ಸಭೆಯ ಪಾಲಕರನ್ನು ಮನೆಗೆ ಕರೆಯಿರಿ. ಗಂಡನ ಹತ್ತಿರ ಮಾತ್ರ ದುಡ್ಡಿನ ವಿಷಯ ಖಡಾಖಂಡಿತ ಇರಲಿ: ಆ ಒಂದು ಲಕ್ಷಕ್ಕೆ ನನ್ನ ಒಪ್ಪಿಗೆ ಇಲ್ಲ, ಮೊದಲು ಸರ ಬಿಡಿಸೋಣ.

ಕೊಟ್ಟ 60 ಸಾವಿರದ ರಸೀದಿ, ಫೋನ್‌ಪೇ ದಾಖಲೆ, ಕಳಿಸಿದ ಮೆಸೇಜು ಏನಿದ್ದರೂ ಅಳಿಸಬೇಡಿ. ದೇವರ ಕೋಪಕ್ಕೆ ಗುರಿಯಾಗುತ್ತೀ ಎಂದು ನಂಬಿಸಿ ಏನಾದರೂ ಮಾಡಿಸುವುದು ಭಾರತೀಯ ನ್ಯಾಯ ಸಂಹಿತೆಯ 354ನೇ ಕಲಮಿನ ಕೆಳಗೆ ಅಪರಾಧ, ಒಂದು ವರ್ಷದವರೆಗೆ ಜೈಲು ಆಗಬಹುದು. ನೀವು ಪೊಲೀಸ್ ಠಾಣೆ ಹತ್ತಬೇಕೆಂದಲ್ಲ. ಮುಂದಿನ ಸಲ 'ಮಕ್ಕಳಿಗೆ ತಟ್ಟುತ್ತದೆ' ಎಂದರೆ ಆ ಮಾತನ್ನು ಬರೆದು ಸಹಿ ಹಾಕಿಕೊಡಿ ಎಂದು ನಿಮ್ಮ ಮನೆಯವರೇ ಕೇಳಲಿ.