ಜ್ವರ ಬಂದರೆ ಮಾತ್ರ ರಜೆ

ಏಪ್ರಿಲ್ ಮುಗಿದು ಮೇ ಹಿಡಿಯುತ್ತಿದ್ದಂತೆ ದಾವಣಗೆರೆಯ ನನ್ನ ಆಪ್ತಸಲಹೆಯ ಕೋಣೆಗೆ ಬರುವವರ ಬಗೆ ಬದಲಾಗುತ್ತದೆ. ಪರೀಕ್ಷೆಗೆ ಹೆದರಿದ ಮಕ್ಕಳು ಕಡಿಮೆಯಾಗುತ್ತಾರೆ, ಅವರ ತಾಯಂದಿರು ಹೆಚ್ಚಾಗುತ್ತಾರೆ. ಎದೆ ಹೊಡೆದುಕೊಳ್ಳುತ್ತದೆ, ನಸುಕಿನ ಮೂರಕ್ಕೇ ಎಚ್ಚರವಾಗುತ್ತದೆ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ, ಇಸಿಜಿ ಸರಿಯಾಗಿಯೇ ಇದೆಯಂತೆ. ಮಾತುಗಳು ಹೆಚ್ಚುಕಡಿಮೆ ಇವೇ. ಹಲವರು ಒಮ್ಮೆ ಬಂದು, ಅತ್ತು ಹಗುರಾಗಿ ಹೋಗುತ್ತಾರೆ. ಮತ್ತೆ ಕಾಣಿಸಿಕೊಳ್ಳುವುದು ಮುಂದಿನ ಬೇಸಿಗೆಗೆ. ಈ ಪ್ರಕರಣವನ್ನು ಬರೆಯಲು ಆ ಮರುಕಳಿಕೆಯೇ ಕಾರಣ. ಒಪ್ಪಿಗೆ ಪಡೆದಿದ್ದೇನೆ, ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ಗಂಡನದು ಬೀಜ-ಗೊಬ್ಬರದ ಅಂಗಡಿ. ಮನೆಯಲ್ಲಿ ಅತ್ತೆ, ಮಾವ, ಎಸ್‌ಎಸ್‌ಎಲ್‌ಸಿ ಬರೆದ ಮಗ, ಏಳನೆಯ ತರಗತಿಯ ಮಗಳು. ಆಕೆ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಮದುವೆಯ ಹಂಗಾಮೇ ಅವರ ಸಂಪಾದನೆಯ ಹಂಗಾಮು. ಕುಡಿತ, ಹೊಡೆತ, ಅನುಮಾನ, ಮೈಮೇಲೆ ಬಂದ ಸಾಲ ಯಾವುದೂ ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ಮನೆಯವರು ‘ನಮಗೇನು ಕಡಿಮೆಯಾಗಿದೆ’ ಎಂದುಕೊಂಡು ಸಲಹೆಗೆ ಬರುವುದಕ್ಕೇ ನಾಚುತ್ತಾರೆ.

ಶಾಲೆಗೆ ರಜೆ ಬಿದ್ದೊಡನೆ ನಾದಿನಿ ಇಬ್ಬರು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಹರಿಹರದಲ್ಲಿ ಗಂಡನ ಚಿಕ್ಕಪ್ಪನ ಮಗಳ ಮದುವೆ. ವರ್ಷಕ್ಕಾಗುವಷ್ಟು ಹುಣಸೆಹಣ್ಣಿನ ಬೀಜ ತೆಗೆದು ಉಪ್ಪು ಬೆರೆಸಿ ತುಂಬಿಡಬೇಕು, ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಒಣಗಿಸಿ ಪುಡಿ ಮಾಡಿಸಬೇಕು. ಶಾವಿಗೆ, ಹಪ್ಪಳ, ಸಂಡಿಗೆ ಬಿಸಿಲು ಇರುವಾಗಲೇ ಆಗಬೇಕು. ನಲ್ಲಿಯಲ್ಲಿ ನೀರು ಕೆಲವು ದಿನಕ್ಕೊಮ್ಮೆ ಬರುತ್ತದೆ. ನಡುರಾತ್ರಿ ಬಂದರೆ ನಡುರಾತ್ರಿಯೇ ಎದ್ದು ಸಂಪು, ಡ್ರಮ್ಮು, ಕೊಡ ಎಲ್ಲವನ್ನೂ ತುಂಬಿಸಬೇಕು. ಸಂಜೆಯಾದರೆ ಮಕ್ಕಳಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಇದರ ನಡುವೆ ಫಲಿತಾಂಶ ಬಂತು, ಮಗ ಗಣಿತದಲ್ಲಿ ಹೋಗಿದ್ದ. 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ವ್ಯವಸ್ಥೆ ಬಂತು. ಮಕ್ಕಳಿಗೆ ಒಳ್ಳೆಯದೇ ಆಯಿತು. ಆದರೆ ‘ಪರೀಕ್ಷೆ-2’ಕ್ಕೆ ಓದುವ ಹುಡುಗ ಮತ್ತು ರಜೆಗೆ ಬಂದ ನೆಂಟರ ಮಕ್ಕಳು ಒಂದೇ ಪಡಸಾಲೆಯಲ್ಲಿ ಇರಬೇಕಾದಾಗ, ಸದ್ದು ಮಾಡಬೇಡಿ ಎಂದು ಗದರಿ ಕೆಟ್ಟವರಾಗುವ ಕೆಲಸವೂ ಮನೆಯ ಸೊಸೆಗೇ ಬೀಳುತ್ತದೆ.

ಮನಸ್ಸಿನ ಮಾತಿಗೆ ಹೋಗುವ ಮೊದಲು ನಾನು ರಕ್ತಪರೀಕ್ಷೆಯ ಚೀಟಿ ಕೇಳುತ್ತೇನೆ. ಎದೆ ಹೊಡೆದುಕೊಳ್ಳುವುದಕ್ಕೆಲ್ಲ ಚಿಂತೆಯೇ ಕಾರಣ ಎನ್ನುವ ಸಲಹೆಗಾರರ ಬಗ್ಗೆ ನನಗೆ ಸಿಟ್ಟಿದೆ. ಆಕೆಯ ಥೈರಾಯ್ಡ್ ಸರಿಯಾಗಿತ್ತು, ಹಿಮೋಗ್ಲೋಬಿನ್ ಮಾತ್ರ 9ರ ಹತ್ತಿರ ಇತ್ತು. ಬಸುರಿಯಲ್ಲದ ಹೆಂಗಸಿಗೆ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ವೈದ್ಯರು ಹಿಂದೆಯೇ ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಆಕೆ ಅದನ್ನು ತಪ್ಪದೆ ನುಂಗುತ್ತಿದ್ದರು, ಆದರೆ ಬೆಳಗಿನ ಚಹಾದ ಜೊತೆ. ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಬಹುದಲ್ಲ ಎಂದಾಗ ಆಕೆ, “ನಾನು ಕುಳಿತುಕೊಳ್ಳುವುದು ಆಗ ಮಾತ್ರ ಮೇಡಂ” ಎಂದರು.

ನಂತರದ ಒಂದು ಭೇಟಿಯಲ್ಲಿ ಆಕೆ ಸಂಡಿಗೆಯ ಬೆಳಗಿನ ಮಾತು ಹೇಳಿದರು. ಹಿಟ್ಟು ಕುದಿಸಿ ತಿರುವಲು ಅವರು ನಾಲ್ಕಕ್ಕೇ ಎದ್ದಿದ್ದರು. ಬಿಸಿಲು ಏರುವುದರೊಳಗೆ ಮಾಳಿಗೆಯ ಮೇಲೆ ಹಾಕಿ ಮುಗಿಸಬೇಕಲ್ಲ. ಗಂಜಿ ಗಟ್ಟಿಯಾಗುತ್ತಾ ಬಂದಂತೆ ತೋಳು ಸೋತಿತು. ಒಲೆ ಸಣ್ಣಗೆ ಮಾಡಿ ಕೋಣೆಗೆ ಹೋಗಿ, ಮಕ್ಕಳ ಔಷಧಿಯ ಡಬ್ಬಿಯಲ್ಲಿದ್ದ ಥರ್ಮಾಮೀಟರ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರಂತೆ.

“ಎಷ್ಟಿತ್ತು?”

“ತೊಂಬತ್ತೆಂಟು ಚಿಲ್ಲರೆ. ಏನೂ ಇರಲಿಲ್ಲ.”

“ಆಮೇಲೆ?”

“ಅಳು ಬಂತು ಮೇಡಂ. ಜ್ವರ ಇಲ್ಲ ಎಂದು ಅಳು ಬಂತು. ಮತ್ತೆ ಹೋಗಿ ಗಂಜಿ ತಿರುವಿದೆ.”

ಇಂಥ ಮಾತು ಕೇಳಿದಾಗ ಮೊದಲು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಸಾಯಬೇಕು ಎಂದು ಎಂದಾದರೂ ಅನ್ನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಜನರಲ್ಲಿದೆ. ಅದು ತಪ್ಪು ತಿಳಿವಳಿಕೆ. ಆಕೆ ಗಾಬರಿಯಾಗಿ, “ಛೆ, ಇಲ್ಲ. ಸಾಯುವುದಲ್ಲ, ಮಲಗಬೇಕು ಅಷ್ಟೇ” ಎಂದರು. ಹೌದು ಎಂದಿದ್ದರೆ ನನ್ನ ದಾರಿ ಬೇರೆಯೇ ಆಗುತ್ತಿತ್ತು. ಓದುವವರಲ್ಲಿ ಯಾರಿಗಾದರೂ ಅಂಥ ಯೋಚನೆ ಇದ್ದರೆ ನಾಳೆಯವರೆಗೆ ಕಾಯದೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

ಜ್ವರ ಇದ್ದಿದ್ದರೆ ಅಡುಗೆ ಯಾರು ಮಾಡುತ್ತಿದ್ದರು ಎಂದು ಕೇಳಿದೆ. ಆಕೆ ತಡವರಿಸದೆ ಹೇಳಿದರು: “ಅತ್ತೆ ಮಾಡುತ್ತಾರೆ. ನಾದಿನಿ ಚಪಾತಿ ಚೆನ್ನಾಗಿ ಮಾಡುತ್ತಾಳೆ. ಇವರು ಬೆಣ್ಣೆದೋಸೆ ಕಟ್ಟಿಸಿಕೊಂಡು ಬರುತ್ತಾರೆ. ಹಿಂದೊಮ್ಮೆ ಚಿಕೂನ್‌ಗುನ್ಯಾ ಬಂದು ಹದಿನೈದು ದಿನ ಎದ್ದಿರಲಿಲ್ಲ, ಆಗಲೂ ಮನೆ ನಡೆಯಿತು. ಮಾವನವರು ನೀರು ಹಿಡಿದರು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೀಲುಗಳೆಲ್ಲ ಹಿಡಿದುಕೊಂಡಿದ್ದವು. ಆದರೂ ಆ ದಿನಗಳು ಚೆನ್ನಾಗಿದ್ದವು” ಎಂದರು. ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ಬೆಚ್ಚಿದರು.

ಆ ಉತ್ತರದಲ್ಲಿ ನನಗೆ ಬೇಕಾದುದೆಲ್ಲ ಇತ್ತು. ಆ ಮನೆಯಲ್ಲಿ ಕೈಲಾಗದವರು ಯಾರೂ ಇಲ್ಲ, ಕಟುಕರೂ ಇಲ್ಲ. ಆಕೆ ಮಲಗಿದರೆ ಎಲ್ಲರೂ ಏಳುತ್ತಾರೆ. ಆದರೆ ಮಲಗಲು ಒಂದು ಕಾಯಿಲೆಯ ಚೀಟಿ ಬೇಕು. ಆ ಚೀಟಿ ಬರೆದುಕೊಡುವ ಕೆಲಸವನ್ನು ಮೈಗೆ ಒಪ್ಪಿಸಿದರೆ ಮೈ ಒಂದಲ್ಲ ಒಂದು ದಿನ ಬರೆದೇ ಕೊಡುತ್ತದೆ. ಮೇ ತಿಂಗಳ ತಲೆನೋವು, ಮೈಕೈ ನೋವು, ಎದೆಬಡಿತಗಳ ಒಂದು ಪಾಲು ಇದೇ ಎಂಬುದು ನನ್ನ ನಂಬಿಕೆ. ನಾಟಕವೆಂದು ಹೇಳುತ್ತಿಲ್ಲ, ನೋವು ನಿಜವೇ.

ಇಲ್ಲಿ ನಾದಿನಿಯ ವಿಷಯ ಹೇಳಬೇಕು. ಆಕೆಯ ಅಕ್ಕ ಫೋನಿನಲ್ಲಿ ಕೊಟ್ಟ ಸಲಹೆ, ಮುಂದಿನ ವರ್ಷ ನಾದಿನಿ ಹತ್ತೇ ದಿನ ಬರಲಿ ಎಂಬುದು. ನಾನು ಇದಕ್ಕೆ ಒಪ್ಪಲಿಲ್ಲ. ವರ್ಷವೆಲ್ಲ ಅತ್ತೆಮನೆಯಲ್ಲಿ ದುಡಿದು ಬರುವ ಆ ಹುಡುಗಿಗೆ ಎಂಟು ಗಂಟೆಯವರೆಗೆ ಮಲಗಲು ಸಿಗುವುದು ತವರಿನಲ್ಲಿ ಮಾತ್ರ. ಆ ರಜೆ ನ್ಯಾಯವಾದದ್ದು. ಅದನ್ನು ಕಿತ್ತುಕೊಂಡು ಅತ್ತಿಗೆಗೆ ಕೊಡುವುದು ಸಲಹೆಯಲ್ಲ. ಹೋಗಲಿ, ನೀವೇ ತವರಿಗೆ ಹೋಗಿ ಬನ್ನಿ ಎನ್ನೋಣವೆಂದರೆ, ಹೊಳಲ್ಕೆರೆಯ ಕಡೆಯ ಆ ತವರಿನಲ್ಲಿ ಆಕೆಯ ತಮ್ಮನ ಹೆಂಡತಿ ಇದ್ದಾಳೆ. ಅಲ್ಲಿ ಅವಳು ನಾಲ್ಕಕ್ಕೆ ಏಳಬೇಕು. ಒಬ್ಬ ಹೆಂಗಸಿನ ರಜೆಯ ಸಾಲವನ್ನು ಇನ್ನೊಬ್ಬ ಹೆಂಗಸು ತೀರಿಸುವ ಈ ವ್ಯವಹಾರದಲ್ಲಿ ಗಂಡಸರ ಹೆಸರಿನಲ್ಲಿ ಖಾತೆಯೇ ಇಲ್ಲ. ಯಾರೂ ಅದನ್ನು ಗಮನಿಸುವುದೂ ಇಲ್ಲ.

ಆದ್ದರಿಂದ ನಾನು ಕೊಟ್ಟ ಸಲಹೆ ಹೀಗಿತ್ತು: ಮೈ ಚೆನ್ನಾಗಿರುವಾಗಲೇ ರಜೆ ಹಾಕಿ. ಮೂರು ದಿನ, ದಿನಾಂಕ ಹೇಳಿ, ಒಂದು ವಾರ ಮುಂಚಿತವಾಗಿ. ಆ ಮೂರು ದಿನ ಎಲ್ಲಿಗೂ ಹೋಗಬೇಡಿ, ಮನೆಯಲ್ಲಿಯೇ ಇರಿ, ಅಡುಗೆಮನೆಗೆ ಮಾತ್ರ ಕಾಲಿಡಬೇಡಿ.

ಇದು ವಿಪರೀತವಾಯಿತು ಎಂದವರಿದ್ದಾರೆ. ಧ್ಯಾನ, ನಡಿಗೆ, ದಿನಕ್ಕೆ ಅರ್ಧ ಗಂಟೆ ತನಗಾಗಿ ಎಂದು ಹೇಳಬಹುದಿತ್ತಲ್ಲ ಎಂದರು. ಆ ಅರ್ಧ ಗಂಟೆಯನ್ನು ಆಕೆ ಎಲ್ಲಿಂದ ತರಬೇಕು? ನಿದ್ದೆಯಿಂದಲೇ ತಾನೇ? ಧ್ಯಾನದಿಂದ ಉಪಯೋಗವಿಲ್ಲ ಎನ್ನುತ್ತಿಲ್ಲ. ನಾಲ್ಕಕ್ಕೆ ಏಳುವವರಿಗೆ ಮೂರೂವರೆಗೆ ಎದ್ದು ಧ್ಯಾನ ಮಾಡಿ ಎನ್ನುವ ಧೈರ್ಯ ನನಗಿಲ್ಲ. ಮನೆಯಲ್ಲಿಯೇ ಇರಬೇಕು ಎಂದದ್ದು ಏಕೆಂದೂ ಕೇಳಿದರು. ಊರಿಗೆ ಹೋದರೆ ಅದು ‘ಊರಿಗೆ ಹೋಗಿದ್ದಾಳೆ’ ಎಂಬ ಲೆಕ್ಕಕ್ಕೆ ಸೇರುತ್ತದೆ. ಗಟ್ಟಿಮುಟ್ಟಾಗಿರುವ ಹೆಂಗಸು ಒಳಕೋಣೆಯಲ್ಲಿ ಮಲಗಿರುವುದನ್ನೂ ಅದಕ್ಕೆ ಆಕಾಶ ಕಳಚಿ ಬೀಳದಿರುವುದನ್ನೂ ಮನೆಯವರು ನೋಡಬೇಕು. ಎಲ್ಲರಿಗಿಂತ ಮೊದಲು ಆಕೆ ನೋಡಬೇಕು.

ಮನೆಯಲ್ಲಿ ಹೇಳಬೇಕಾದ ಮಾತನ್ನು ನನ್ನ ಕೋಣೆಯಲ್ಲಿ ಹೇಳಿಸಿ ನೋಡಿದೆ. “ಶುಕ್ರವಾರದಿಂದ ಭಾನುವಾರದವರೆಗೆ ನಾನು ಅಡುಗೆ ಮಾಡುವುದಿಲ್ಲ, ರಜೆ ತೆಗೆದುಕೊಳ್ಳುತ್ತೇನೆ.” ಇಷ್ಟೇ. ಆಕೆಗೆ ಇದನ್ನು ಹೇಳಿ ನಿಲ್ಲಿಸಲು ಬರಲಿಲ್ಲ. ಹೇಳಿದಾಗೊಮ್ಮೆ ಬಾಲವೊಂದು ಸೇರುತ್ತಿತ್ತು: “ಸ್ವಲ್ಪ ತಲೆನೋವು”, “ಡಾಕ್ಟರು ಹೇಳಿದ್ದಾರೆ”, “ರಕ್ತ ಕಡಿಮೆಯಂತೆ”. ರಕ್ತ ಕಡಿಮೆಯಿರುವುದು ನಿಜವಲ್ಲವೇ ಎಂದು ನನ್ನನ್ನೇ ಕೇಳಿದರು. ನಿಜ, ಅದಕ್ಕೆ ಮಾತ್ರೆ ಇದೆ, ರಜೆಗೆ ಅದನ್ನು ಗಂಟು ಹಾಕಬೇಡಿ ಎಂದೆ. ಬಾಲವಿಲ್ಲದೆ ಹೇಳಿ ಮುಗಿಸಿದಾಗ ಆಕೆ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡರು. ಫ್ಯಾನು ಜೋರಾಗಿಯೇ ತಿರುಗುತ್ತಿತ್ತು.

ಗಂಡನನ್ನೂ ಕರೆಸಿದ್ದೆ. ಮೃದು ಸ್ವಭಾವದವರು. “ಕೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆನೇ?” ಎಂದರು. ಈ ಮಾತನ್ನು ಒಳ್ಳೆಯ ಗಂಡಂದಿರೆಲ್ಲ ಹೇಳುತ್ತಾರೆ. ನಿಮ್ಮ ಅಂಗಡಿಯ ಹುಡುಗ ವಾರದ ರಜೆಯನ್ನು ಪ್ರತಿ ವಾರ ಬೇಡಿ ಪಡೆಯುತ್ತಾನೆಯೇ ಎಂದು ಕೇಳಿದೆ. ಕರ್ನಾಟಕದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ಬಂದಿದೆ. ವಾರಕ್ಕೊಂದು ದಿನದ ರಜೆ ಅದರಡಿ ನೌಕರನ ಹಕ್ಕು, ಕೇಳಲಿ ಬಿಡಲಿ ಕೊಡಬೇಕು. ಅವರು ನಕ್ಕರು, “ಮನೆಯನ್ನು ಅಂಗಡಿ ಮಾಡಿದಿರಲ್ಲ” ಎಂದರು. ಅವರು ಲೆಕ್ಕದ ಮನುಷ್ಯರಾದ್ದರಿಂದ ಲೆಕ್ಕವನ್ನೇ ಮುಂದಿಟ್ಟೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಗಂಡಸರಲ್ಲಿ ಅದಕ್ಕೆ ಕೈಹಾಕುವವರೇ ಸುಮಾರು ನಾಲ್ವರಲ್ಲಿ ಒಬ್ಬರು. ಅದು ವರ್ಷದ ಸರಾಸರಿ, ಹಪ್ಪಳದ ತಿಂಗಳನ್ನು ಬೇರೆಯಾಗಿ ಅಳೆದರೆ ಏನಾಗುತ್ತದೋ! ಅವರು ವಾದಿಸಲಿಲ್ಲ. ನೀರು ಹಿಡಿಯುವ ಕೆಲಸವನ್ನು ತಾವೇ ವಹಿಸಿಕೊಳ್ಳುವುದಾಗಿ ಹೇಳಿದರು. ‘ಸಹಾಯ ಮಾಡುತ್ತೇನೆ’ ಎಂದಿದ್ದರೆ ನಾನು ಬರೆದುಕೊಳ್ಳುತ್ತಿರಲಿಲ್ಲ, ‘ಅದು ನನ್ನದು’ ಎಂದದ್ದರಿಂದ ಬರೆದುಕೊಂಡೆ.

ರಜೆಯ ಮೊದಲ ದಿನ ಆಕೆಗೆ ಐದಕ್ಕೇ ಎಚ್ಚರವಾಯಿತು. ಹಾಸಿಗೆಯ ಮೇಲೆ ಕುಳಿತು ಅಡುಗೆಮನೆಯ ಪಾತ್ರೆಗಳ ಸದ್ದು ಕೇಳುತ್ತಿದ್ದರಂತೆ. ಸಾಸಿವೆಯ ಡಬ್ಬಿ ಸಿಗದೆ ಅತ್ತೆ ಹುಡುಕುತ್ತಿರುವುದು ಗೊತ್ತಾಗಿ, ಎದ್ದು ಹೋಗಿ ಹೇಳಿಬಿಡಲೇ ಎನ್ನಿಸಿತಂತೆ. ಒಂಬತ್ತರ ಹೊತ್ತಿಗೆ ಅತ್ತೆಯೇ ಕಾಫಿ ಹಿಡಿದುಕೊಂಡು ಬಂದು ಹಣೆ ಮುಟ್ಟಿ ನೋಡಿದರು. “ಜ್ವರ ಇಲ್ಲವಲ್ಲಮ್ಮ?” “ಇಲ್ಲ ಅತ್ತೆ, ರಜೆ.” ಅತ್ತೆ ಮಧ್ಯಾಹ್ನದವರೆಗೆ ಮಾತನಾಡಲಿಲ್ಲ. ಎರಡನೆಯ ದಿನ ನಾದಿನಿ ಮಕ್ಕಳನ್ನು ಕಟ್ಟಿಕೊಂಡು ಉಳಿದ ಹಿಟ್ಟಿನ ಸಂಡಿಗೆ ಹಾಕಿದಳು, ಉಪ್ಪು ಹೆಚ್ಚಾಯಿತು. ಮೂರನೆಯ ದಿನ ಹರಿಹರದ ನೆಂಟರು ಹೇಳದೆ ಬಂದುಬಿಟ್ಟರು. ಆಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು. ಹಾಗಾಗಿ ಮೂರು ದಿನದ ರಜೆ ಎರಡೂವರೆ ದಿನವಾಯಿತು. ಅದನ್ನು ನಾನು ಸೋಲೆಂದು ಬರೆದುಕೊಂಡಿಲ್ಲ.

ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ಎದೆಬಡಿತ ಕಡಿಮೆಯಾಗಿತ್ತು, ನಿದ್ದೆ ಸುಧಾರಿಸಿತ್ತು. ಮಾತ್ರೆಯನ್ನು ಊಟಕ್ಕೆ ಮುಂಚೆ ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳತೊಡಗಿದ್ದರು. ಅದರ ಪಾಲೆಷ್ಟು, ರಜೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಬಿಡಿಸುವ ಅಗತ್ಯವೂ ನನಗೆ ಕಾಣುವುದಿಲ್ಲ. ಅತ್ತೆ ನನ್ನನ್ನು ನೋಡಲು ಬರಲಿಲ್ಲ. ಸೊಸೆಗೆ ಸೋಮಾರಿತನ ಕಲಿಸಿದ ಮೇಡಂ ಎಂದು ಮನೆಯಲ್ಲಿ ನನಗೆ ಬಿರುದು ಕೊಟ್ಟಿದ್ದಾರೆಂದು ಗೊತ್ತಾಯಿತು. ಅವರ ಕೋಪ ನನಗೆ ಅರ್ಥವಾಗುತ್ತದೆ. ಎಪ್ಪತ್ತರ ವಯಸ್ಸಿನಲ್ಲಿ ಒಲೆಯ ಮುಂದೆ ಮತ್ತೆ ನಿಂತವರು ಅವರು, ನಿಲ್ಲಬೇಕಾಗಿದ್ದವರು ಮಗ ಮತ್ತು ಮೊಮ್ಮಗ. ಬೆಳೆದ ಹುಡುಗನಿಗೆ ಅನ್ನ-ಸಾರು ಮಾಡಲು ಬರಬೇಕೆಂದು ಗಂಡ ಹೆಂಡತಿ ಇಬ್ಬರಿಗೂ ಹೇಳಿದ್ದೇನೆ. ಗಣಿತ ಪಾಸಾಗಲಿ, ಆಮೇಲೆ ನೋಡೋಣ ಎಂದಿದ್ದಾರೆ.

ಕೊನೆಯ ಸಲ ಇಬ್ಬರೂ ಒಟ್ಟಿಗೆ ಬಂದಿದ್ದರು. ಮುಂದಿನ ರಜೆ ಬಸವ ಜಯಂತಿಯ ವಾರದಲ್ಲಿ ಇಟ್ಟುಕೊಳ್ಳಬಹುದು, ಆಗ ಅಂಗಡಿಯಲ್ಲಿ ಗಿರಾಕಿ ಕಡಿಮೆ ಎಂದು ಗಂಡ ಹೇಳಿದರು. ಆ ವಾರವೇ ಮದುವೆಯ ರವಿಕೆಗಳನ್ನು ಕೊಡಬೇಕು, ಆಗುವುದಿಲ್ಲ, ದೀಪಾವಳಿ ಮುಗಿದ ಮೇಲೆ ಬೇಕು, ಮೇ ತಿಂಗಳದ್ದು ಬೇರೆ ಎಂದು ಆಕೆ ಹೇಳಿದರು. ವರ್ಷಕ್ಕೆ ಎರಡೇ ಎಂದು ಗಂಡ ಕೇಳಿದರು. ಎರಡು, ಎಂದರು ಆಕೆ. ನನ್ನ ಮುಂದಿನ ಭೇಟಿಯವರು ಹೊರಗೆ ಕಾಯುತ್ತಿದ್ದರು, ಚೌಕಾಸಿಯನ್ನು ಮನೆಗೆ ಹೋಗಿ ಮುಗಿಸಿಕೊಳ್ಳಿ ಎಂದು ಎಬ್ಬಿಸಿದೆ.